ತುಕ್ಕಿನ ಗಣತಿ

ನಮ್ಮೂರ ನೀರುಗಂಟಿಯ ಬಳಿ ಎರಡು ಬೀಗದ ಕೈಗಳಿದ್ದವು. ಒಂದು ನೀರಿನ ಟ್ಯಾಂಕಿನ ವಾಲ್ವುಗಳದು. ಬೆಳಿಗ್ಗೆ ಸಂಜೆ ಊರಿಗೆ ನೀರು ಬಿಡುವುದು ಅವನ ಕೆಲಸವಾದ್ದರಿಂದ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ. ಇನ್ನೊಂದು ಅದೇ ಟ್ಯಾಂಕಿನ ಬುಡದಲ್ಲಿದ್ದ ಪುಟ್ಟ ಕೋಣೆಯದು. ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಎರಡರಲ್ಲಿ ಯಾವುದಕ್ಕೆ ಮರ್ಯಾದೆ ಹೆಚ್ಚು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಆ ಕೋಣೆಯಲ್ಲಿ ಹವ್ಯಾಸಿ ರೇಡಿಯೋ ಸಂಘದ ರಿಪೀಟರ್ ಇತ್ತು. ರಿಪೀಟರ್ ಎಂದರೆ ಒಂದು ಪೆಟ್ಟಿಗೆ. ಕಿವಿಗೆ ಬಿದ್ದದ್ದನ್ನು ಅದೇ ಗಳಿಗೆಯಲ್ಲಿ ದೊಡ್ಡ ಬಾಯಿ ಮಾಡಿ ಹತ್ತೂರಿಗೆ ಹೇಳುವುದಷ್ಟೇ ಅದಕ್ಕೆ ಗೊತ್ತು. ಅಂಗೈಯಗಲದ ಹ್ಯಾಂಡ್‌ಸೆಟ್ ಹಿಡಿದು ಯಾವುದೋ ಹಳ್ಳದಲ್ಲಿ ನಿಂತವನ ಕ್ಷೀಣ ದನಿಯನ್ನೂ ಟ್ಯಾಂಕಿನ ನೆತ್ತಿಯ ಮೇಲಿನ ಆಂಟೆನಾ ಹಿಡಿದು ಸುತ್ತಲ ಊರುಗಳಿಗೆಲ್ಲ ಮುಟ್ಟಿಸುತ್ತಿತ್ತು. ಇಂಥ ಕೆಲಸ ಮಾಡುವವರು ನಮ್ಮೂರಲ್ಲಿ ಆ ಪೆಟ್ಟಿಗೆ ಬರುವ ಮುಂಚೆಯೂ ಇದ್ದರು. ಅದಕ್ಕೆ ಲೈಸೆನ್ಸು ಬೇಕು ಅನ್ನುವುದು ಮಾತ್ರ ಆಗ ಗೊತ್ತಿರಲಿಲ್ಲ.

ಎಂಟು ತಿಂಗಳ ಹಿಂದೆ ರಿಪೀಟರಿನ ಪಕ್ಕಕ್ಕೆ ಲಿಂಕ್ ರೇಡಿಯೋ ಎಂಬ ಇನ್ನೊಂದು ಪೆಟ್ಟಿಗೆ ಬಂತು. ಈ ಕಡೆಯ ಮಾತನ್ನು ಆಚೆಯ ಕಣಿವೆಗೆಂದು ಗುಡ್ಡದ ತುದಿಯಲ್ಲಿಟ್ಟಿದ್ದ ರಿಪೀಟರಿಗೂ, ಅಲ್ಲಿಯದನ್ನು ಇಲ್ಲಿಗೂ ದಾಟಿಸುವುದು ಅದರ ಕೆಲಸ. ಗುಡ್ಡದಾಚೆ ನೀರುಗಂಟಿಯ ಅಕ್ಕ ಇದ್ದಳು. ನರ್ಸಾಗಿದ್ದು ನಿವೃತ್ತಳಾದವಳು. ಮಂಡಿನೋವಿನಿಂದಾಗಿ ಅವಳು ಗುಡ್ಡ ಹತ್ತುವಂತಿರಲಿಲ್ಲ. ದಿನಕ್ಕೆರಡು ಸಲ ನೀರು ಬಿಡಬೇಕಾದ ತಮ್ಮನೂ ಊರು ಬಿಡುವಂತಿರಲಿಲ್ಲ. ಆ ಕಣಿವೆಯಲ್ಲಿ ಫೋನು ಹಿಡಿಯುತ್ತಿರಲಿಲ್ಲ. ತಮ್ಮನೇ ಅಕ್ಕನಿಗೆ ರೇಡಿಯೋ ಪರೀಕ್ಷೆ ಕಟ್ಟಿಸಿ ಲೈಸೆನ್ಸು ಕೊಡಿಸಿದ್ದ. ಆ ಪರೀಕ್ಷೆಯಲ್ಲಿ ಅವಳಿಗೆ ಅವನಿಗಿಂತ ಹನ್ನೊಂದು ಅಂಕ ಹೆಚ್ಚು ಬಂದಿತ್ತು. ಈ ಸಂಗತಿ ವಾರಕ್ಕೊಮ್ಮೆಯಾದರೂ ಗುಡ್ಡ ದಾಟಿ ಬರುತ್ತಿತ್ತು.

ದಿನಾ ಸಂಜೆ ಆರೂವರೆಗೆ ಅಕ್ಕ ತಮ್ಮ ಮಾತಿಗೆ ಕೂರುತ್ತಿದ್ದರು. ಮಾತು ಅನ್ನುವುದಕ್ಕಿಂತ ಜಗಳ ಅಂದರೆ ಸರಿ. ಲಿಂಕ್ ತೆರೆದಾಗಲೆಲ್ಲ ಕರಕರ ಎಂಬ ಸದ್ದು ಏಳುತ್ತಿದ್ದುದರಿಂದ ಇಬ್ಬರೂ ಕಿರುಚಬೇಕಾಗುತ್ತಿತ್ತು, ಮತ್ತು ಕಿರುಚಿ ಹೇಳಿದ ಯಾವ ಮಾತೂ ಜಗಳವಾಗದೆ ಉಳಿಯುವುದಿಲ್ಲ. ಹಂಚು ಬದಲಾಯಿಸಿದೆಯಾ ಎಂದು ಅಕ್ಕ ಕೇಳಿದರೆ ಊರಿಗೆ ಅದು ಬೈಗುಳದಂತೆ ಕೇಳುತ್ತಿತ್ತು. ಇಸ್ತ್ರಿಯಮ್ಮ ತನ್ನ ಅಂಗಡಿಯಲ್ಲಿ ಒಂದು ರಿಸೀವರ್ ಇಟ್ಟಿದ್ದಳು. ಆರೂವರೆಯ ಹೊತ್ತಿಗೆ ಅಲ್ಲಿ ಬಟ್ಟೆ ಕೊಡಲು ಬಂದವರು, ತೆಗೆದುಕೊಳ್ಳಲು ಬಂದವರು, ಎರಡೂ ಅಲ್ಲದವರು ಸೇರಿ ಬೆಂಚು ತುಂಬುತ್ತಿತ್ತು.

ಹೀಗಿರುವಾಗ ಒಬ್ಬ ಜೇನು ಸಾಕುವವನು ಬೆಟ್ಟದ ಓರೆಯಲ್ಲಿ ಕಾಲು ಉಳುಕಿಸಿಕೊಂಡು ಬಿದ್ದ. ಅವನ ಬಳಿ ಲೈಸೆನ್ಸೂ ಇತ್ತು, ಸಣ್ಣ ಹ್ಯಾಂಡ್‌ಸೆಟ್ಟೂ ಇತ್ತು. ಬಿದ್ದಲ್ಲಿಂದಲೇ ಸಹಾಯಕ್ಕೆ ಕರೆದ. ಅವನ ಕ್ಷೀಣ ದನಿಯನ್ನು ರಿಪೀಟರ್ ಕೇಳಿಸಿಕೊಂಡಿತು. ಕೇಳಿಸಿಕೊಂಡ ತಕ್ಷಣ ಲಿಂಕ್ ಅದನ್ನು ಗುಡ್ಡದಾಚೆಗೆ ದಾಟಿಸಲೆಂದು ಗಟ್ಟಿಯಾಗಿ ಕೂಗಿತು. ಪಕ್ಕದಲ್ಲೇ ಎದ್ದ ಆ ಕೂಗಿಗೆ ರಿಪೀಟರ್ ಕಿವುಡಾಯಿತು. ದನಿ ನಿಂತಿತೆಂದು ಲಿಂಕ್ ಬಾಯಿ ಮುಚ್ಚಿತು. ಮುಚ್ಚಿದೊಡನೆ ರಿಪೀಟರಿಗೆ ಮತ್ತೆ ಕಿವಿ ಬಂತು. ಸೆಕೆಂಡಿಗೆ ಎರಡು ಸಲದಂತೆ ಇದೇ ನಡೆಯಿತು. ತುಂಡು ತುಂಡಾಗಿ ಬಂದ ಆ ಕರೆಯನ್ನು ಇಸ್ತ್ರಿ ಅಂಗಡಿಯಲ್ಲಿದ್ದವರು ಆಂಟೆನಾ ಮೇಲೆ ಕೂತ ಕಾಗೆಯ ಕಿತಾಪತಿ ಎಂದುಕೊಂಡರು. ಜೇನಿನವನು ಎರಡು ಗಂಟೆ ಕಾದು, ತೆವಳಿಕೊಂಡು ಇಳಿದು, ಕಾಲಿಗೆ ಬಟ್ಟೆ ಸುತ್ತಿಕೊಳ್ಳುವ ಮುಂಚೆಯೇ ನಾಲ್ಕು ಪುಟದ ದೂರು ಬರೆದ.

ಸಂಘದ ಕಾರ್ಯದರ್ಶಿ ವಿಜ್ಞಾನದ ನಿವೃತ್ತ ಮೇಷ್ಟ್ರು. ಅವರು ಮಂಗಳವಾರ ರೇಡಿಯೋದಲ್ಲೇ ವಿಷಯ ಎತ್ತಿದರು. ಕಷ್ಟದಲ್ಲಿರುವವರ ಕರೆ ಮುಟ್ಟದಿದ್ದರೆ ರಿಪೀಟರ್ ಇದ್ದೂ ದಂಡ. ಭಾನುವಾರ ಸಮಿತಿ ಬಂದು ನೋಡುತ್ತದೆ. ಅಷ್ಟರಲ್ಲಿ ತೊಂದರೆ ಹೋಗದಿದ್ದರೆ ಲಿಂಕನ್ನು ಬಿಚ್ಚಿಡುವುದೊಂದೇ ದಾರಿ ಎಂದರು. ಹತ್ತೂರು ಕೇಳಿಸಿಕೊಳ್ಳುತ್ತಿತ್ತು. ನೀರುಗಂಟಿ ಮೈಕಿನ ಗುಂಡಿ ಒತ್ತಿ, "ಸರ್, ಕಾರಣ ಪತ್ತೆಯಾಗಿದೆ" ಎಂದುಬಿಟ್ಟ.

ಪತ್ತೆಯಾಗಿರಲಿಲ್ಲ. ಆದರೆ ಸಂಘ ಕೊಟ್ಟ 'ಕೇಂದ್ರ ಪಾಲಕ' ಎಂಬ ಬಿರುದನ್ನು ಮನೆಯ ಬಾಗಿಲಿಗೆ ಬರೆಸಿಕೊಂಡವನು ಬೇರೆ ಏನು ಹೇಳಲು ಸಾಧ್ಯ? ಅವನು ಮನೆಗೆ ಬಂದು, ಲಿಂಕಿನ ಜೊತೆ ಬಂದಿದ್ದ ಸಂಘದ ಕೈಪಿಡಿಯನ್ನು ಮೊಟ್ಟಮೊದಲ ಬಾರಿಗೆ ತೆರೆದ. 'ಲಿಂಕ್ ಮತ್ತು ರಿಪೀಟರುಗಳ ನಡುವಿನ ಅಡಚಣೆ' ಎಂಬ ತಲೆಬರಹದ ಕೆಳಗೆ ಏಳು ಕಾರಣಗಳಿದ್ದವು. ಮೊದಲ ಆರೂ 'ನೀವು' ಎಂದು ಶುರುವಾಗುತ್ತಿದ್ದವು: ನೀವು ಹೀಗೆ ಕಟ್ಟಿದ್ದೀರಾ, ನೀವು ಹಾಗೆ ಜೋಡಿಸಿದ್ದೀರಾ. ಅವನ್ನು ಅವನು ಶಿಷ್ಟಾಚಾರದ ಮಾತುಗಳೆಂದು ದಾಟಿಹೋದ. ಏಳನೆಯದು, 'ಬಹಳ ಅಪರೂಪವಾಗಿ, ಆಂಟೆನಾದ ಸುತ್ತಮುತ್ತಲ ತುಕ್ಕು ಹಿಡಿದ ಕಬ್ಬಿಣದ ಸಂದುಗಳೂ ಎರಡು ತರಂಗಗಳನ್ನು ಬೆರೆಸಿ ಮೂರನೆಯದನ್ನು ಹುಟ್ಟಿಸಬಹುದು.' ನೀರುಗಂಟಿ ಕಿಟಕಿಯಿಂದ ಹೊರಗೆ ನೋಡಿದ. ಎದುರು ಮನೆಯ ಗೇಟು ಕೆಂಪಗೆ ತುಕ್ಕು ಹಿಡಿದಿತ್ತು.

ತಪ್ಪು ತನ್ನದಲ್ಲ, ಊರಿನದು ಎಂದು ತಿಳಿದಾಗ ಮನುಷ್ಯನಿಗೆ ಬರುವ ಹುರುಪೇ ಬೇರೆ. ಬುಧವಾರ ನೀರು ಬಿಟ್ಟವನೇ ಒಂದು ನೋಟ್‌ಬುಕ್ಕು, ಕಿವಿಯ ಹಿಂದೊಂದು ಪೆನ್ಸಿಲ್ಲು, ಕೈಯಲ್ಲೊಂದು ಸಣ್ಣ ರಿಸೀವರ್ ಹಿಡಿದು ಟ್ಯಾಂಕಿನ ಸುತ್ತಲ ಬೀದಿಗಳಿಗೆ ಹೊರಟ. ಗೇಟುಗಳನ್ನು ಅಲುಗಿಸಿದ, ಬಟ್ಟೆ ಒಣಗಿಸುವ ತಂತಿಗಳನ್ನು ಜಗ್ಗಿದ, ಕೊಟ್ಟಿಗೆಯ ತಗಡುಗಳಿಗೆ ಕಿವಿಯಿಟ್ಟ, ಪ್ರತಿ ಮನೆಯ ಮುಂದೆ ನಿಂತು 'ತುಕ್ಕು: ಮಧ್ಯಮ', 'ತುಕ್ಕು: ಘೋರ' ಎಂದು ಬರೆದುಕೊಂಡ.

ಹೆಂಡತಿ ಅವನನ್ನು ಬಾಗಿಲಲ್ಲೇ ತಡೆದು ನೋಡಿದ್ದಳು. ಊರ ತುಕ್ಕು ಆಮೇಲೆ ನೋಡಿದರಾಯಿತು, ನಮ್ಮ ಬಚ್ಚಲ ಬಾಗಿಲಿನ ತಿರುಗುಣಿ ಮುರಿದು ಮೂರು ತಿಂಗಳಾಯಿತು ಎಂದಿದ್ದಳು. ಅದಕ್ಕೆ ಅವನು ಆ ತಿರುಗುಣಿಯನ್ನೇ ಮೊದಲ ಪುಟದಲ್ಲಿ ದಾಖಲಿಸಿಕೊಂಡು ಹೊರಬಿದ್ದಿದ್ದ.

ಒಬ್ಬ ಮನುಷ್ಯ ಗೇಟಿನ ಮುಂದೆ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಅದಕ್ಕೆ ಎರಡೇ ಅರ್ಥ: ಒಂದೋ ಏನೋ ಕಿತ್ತುಕೊಳ್ಳಲು ಬರುತ್ತಾರೆ, ಇಲ್ಲವೇ ಏನೋ ಕೊಡಲು ಬರುತ್ತಾರೆ. ಬುಧವಾರವೆಲ್ಲ ಊರು ಮೊದಲನೆಯದನ್ನೇ ನಂಬಿತು. ತುಕ್ಕು ಹಿಡಿದ ನೇಗಿಲು, ಬಕೆಟ್ಟು, ಮುರಿದ ಸೈಕಲ್ಲುಗಳು ಹುಲ್ಲಿನ ಮೆದೆಯೊಳಗೆ ಸೇರಿದವು. ಗುರುವಾರ ಎದುರುಮನೆಯವನು ತನ್ನ ಗೇಟು ಮುಟ್ಟಗೊಡಲಿಲ್ಲ. ಅದು ತಮ್ಮ ತಾತನ ಕಾಲದ್ದು, ಅದರ ತುಕ್ಕೂ ತಾತನ ಕಾಲದ್ದು, ಎರಡನ್ನೂ ಬಿಟ್ಟುಕೊಡುವುದಿಲ್ಲ ಎಂದು ಅಡ್ಡ ನಿಂತ. ನೀರುಗಂಟಿಗೆ ತಾಳ್ಮೆ ಕೆಟ್ಟಿತು. ಪಾಲಕನಿಗೆ ತಕ್ಕ ಗತ್ತಿನಲ್ಲಿ, "ಹಳೇದು ತೆಗೆದ್ರೆ ಬದಲಿ ವ್ಯವಸ್ಥೆ ಆಗುತ್ತೆ ಕಣಯ್ಯ" ಎಂದ. ಮನಸ್ಸಿನಲ್ಲಿದ್ದದ್ದು ಬಿದಿರಿನ ಗೇಟು. ಅದನ್ನು ಬಿಡಿಸಿ ಹೇಳಲಿಲ್ಲ.

ಮಧ್ಯಾಹ್ನದೊಳಗೆ ಊರು ಎರಡನೆಯ ಅರ್ಥಕ್ಕೆ ಹೊರಳಿತು. ತುಕ್ಕು ಹಿಡಿದ ಗೇಟಿಗೆ ಹೊಸ ಗೇಟು ಬರುತ್ತದಂತೆ. ಮೆದೆಯೊಳಗಿನ ಸಾಮಾನುಗಳೆಲ್ಲ ಈಚೆ ಬಂದವು. ಹಿಂದಿನ ವರ್ಷವಷ್ಟೇ ಬಣ್ಣ ಹೊಡೆಸಿದವರು ಪೇಚಿಗೆ ಸಿಕ್ಕಿಕೊಂಡರು. ಬಡಗಿ ತನ್ನ ಗೇಟಿನ ಬಣ್ಣವನ್ನೆಲ್ಲ ಕೆರೆದು, ಅದಕ್ಕೆ ಹೊತ್ತುಹೊತ್ತಿಗೆ ಉಪ್ಪುನೀರು ಎರಚತೊಡಗಿದ. ನೋಡಿದವರಿಗೆ ಈ ಉಪಾಯ ತಮಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಬೇಜಾರಾಯಿತು. ಸಂಜೆಗೆ ಅಂಗಡಿಯಲ್ಲಿ ಉಪ್ಪು ಮುಗಿಯಿತು.

ಇಸ್ತ್ರಿಯಮ್ಮ ಮಾತ್ರ ಅನುಮಾನದಿಂದ ಕೇಳಿದಳು, "ಅಲ್ಲ ಪಾಲಕರೇ, ನನ್ನ ಇಸ್ತ್ರಿಪೆಟ್ಟಿಗೆನೂ ಬರ್ಕೊಂಡ್ರಲ್ಲ. ಅದು ಯಾವ ತರಂಗ ಹುಟ್ಟಿಸುತ್ತೆ?"

"ಹಿಡಿ ಲೂಸಾಗಿದೆಯಲ್ಲಮ್ಮ. ಲೂಸಾದದ್ದೆಲ್ಲ ಅನುಮಾನಾಸ್ಪದ."

"ಹಾಗಾದ್ರೆ ನನ್ನ ಯಜಮಾನರ ಹಲ್ಲೂ ಬರ್ಕೊಳ್ಳಿ" ಎಂದಳು. ಬೆಂಚಿನವರು ನಕ್ಕರು. ನೀರುಗಂಟಿ ಮಾತ್ರ, ಅವು ಕಬ್ಬಿಣದವಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಕ್ಕೆ ಹೋದ.

ಶುಕ್ರವಾರ ಊರ ಕಚೇರಿಯ ಗುಮಾಸ್ತನ ಕಿವಿಗೆ ಸುದ್ದಿ ಬಿತ್ತು. ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತವನು ಅವನು. ತನಗೆ ಗೊತ್ತಿಲ್ಲದ ಯೋಜನೆ ಇರಲಾರದು. ಇದ್ದರೆ, ಗೊತ್ತಿಲ್ಲವೆಂದು ಒಪ್ಪಿಕೊಳ್ಳಲಾಗದು. ಆದ್ದರಿಂದ ಯಾರನ್ನೂ ಏನೂ ಕೇಳದೆ ಒಂದು ಹೊಸ ದಾಖಲೆ ಪುಸ್ತಕಕ್ಕೆ ಗೆರೆ ಹೊಡೆದ. ಅರ್ಜಿ ಕೊಟ್ಟವರಿಗೆಲ್ಲ ಕ್ರಮಸಂಖ್ಯೆ ಕೊಟ್ಟ. ತಂದ ಕಬ್ಬಿಣ ನಿಜಕ್ಕೂ ತುಕ್ಕು ಹಿಡಿದಿದೆ ಎಂಬುದಕ್ಕೆ ಇಬ್ಬರು ನೆರೆಯವರ ಸಹಿ ಬೇಕು ಎಂದ. ಸಹಿಗಾಗಿ ಜನ ವರ್ಷಗಟ್ಟಲೆ ಮಾತು ಬಿಟ್ಟಿದ್ದ ನೆರೆಯವರ ಮನೆಗೂ ಹೋದರು. ಈ ಒಂದು ಉಪಕಾರವಂತೂ ಆ ಯೋಜನೆಯಿಂದ ಆಯಿತೆಂದು ಒಪ್ಪಬೇಕು.

ಅಷ್ಟಕ್ಕೇ ನಿಂತಿದ್ದರೆ ಕೆಟ್ಟುಹೋಗುತ್ತಿದ್ದದ್ದು ಬರಿಯ ಕಾಗದ. ಆದರೆ ಮನೆಮನೆಗೆ ಹೋಗಿ ಎಣಿಸಲು ತನಗೆ ಕಾಲಿಲ್ಲ, ಎಲ್ಲವನ್ನೂ ಒಂದು ಕಡೆ ತಂದಿಡಿ ಎಂದ ಗುಮಾಸ್ತ. ಎಲ್ಲಿಗೆ ಎಂದು ಕೇಳಿದರು. ಯೋಜನೆಯ ಕಚೇರಿ ಎಲ್ಲಿದೆಯೋ ಅಲ್ಲಿಗೆ ಎಂದ. ಪಾಲಕನ ಕೋಣೆಯೇ ಆ ಕಚೇರಿ ಎಂದು ಊರು ಅಂದುಕೊಂಡಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಗೇಟುಗಳು, ತಗಡುಗಳು, ಮುಳ್ಳುತಂತಿಯ ಸುರುಳಿಗಳು, ಒಂದು ಮಂಚ, ಅರ್ಧ ಟ್ರಾಕ್ಟರ್ ಎಲ್ಲ ಟ್ಯಾಂಕಿನ ಬುಡದಲ್ಲಿ, ಆಂಟೆನಾದ ನೇರ ಕೆಳಗೆ, ಆಳೆತ್ತರ ರಾಶಿ ಬಿದ್ದವು. ಪ್ರತಿಯೊಂದರ ಮೇಲೂ ಬಿಳಿ ಬಣ್ಣದ ಅಂಕಿ. ನೀರುಗಂಟಿ ನೀರು ಬಿಟ್ಟು ತಿರುಗಿ ನೋಡುವಷ್ಟರಲ್ಲಿ ಇಷ್ಟಾಗಿತ್ತು. ಊರ ತುಕ್ಕನ್ನು ಆಂಟೆನಾದಿಂದ ದೂರ ಸಾಗಿಸಲು ಹೊರಟವನು ಅದೆಲ್ಲವನ್ನೂ ಅದರ ಕಾಲಬುಡಕ್ಕೇ ಬರಮಾಡಿಕೊಂಡಿದ್ದ. ತೆಗೆಯಿರಿ ಎಂದರೆ, ಬದಲಿ ಎಲ್ಲಿ ಎಂದು ಕೇಳಿದರು.

ಆ ಸಂಜೆ ಆರೂವರೆಗೆ ಗಾಳಿ ಬೀಸಿದಾಗಲೆಲ್ಲ ರಾಶಿಯ ತಗಡುಗಳು ಅಲುಗಿ, ರೇಡಿಯೋದಲ್ಲಿ ಜಲ್ಲಿ ಸುರಿದ ಹಾಗೆ ಸದ್ದಾಯಿತು. ಅಪರೂಪದ ಏಳನೆಯ ಕಾರಣ ನಮ್ಮೂರಲ್ಲಿ ಅಪರೂಪವಾಗಿ ಉಳಿಯಲಿಲ್ಲ. ಅಕ್ಕ ಮೊದಲು ಅವನನ್ನು ಹಳೇ ಕಬ್ಬಿಣದ ವ್ಯಾಪಾರ ಯಾವಾಗ ಶುರು ಮಾಡಿದೆ ಎಂದು ವಿಚಾರಿಸಿಕೊಂಡಳು. ಆಮೇಲೆ ಬಿಡಿಸಿ ಬಿಡಿಸಿ ಹೇಳಿದಳು.

"ಕೇಳು. ನಾಳೆ ಅವರು ಬಂದಾಗ ಲಿಂಕ್ ತೆಗೆದುಬಿಡಿ ಅಂತ ನೀನೇ ಹೇಳು. ಬಿದ್ದವನ ಕರೆ ಮುಟ್ಟಲ್ಲ ಅಂದ್ರೆ ಅದು ಸರಿಯಲ್ಲ ಕಣೋ. ನಾನು ಹೇಗೋ ಇರ್ತೀನಿ."

"ಕೇಳಿಸ್ತಿಲ್ಲ ಅಕ್ಕಾ" ಎಂದ ತಮ್ಮ.

ಅವಳು ಮತ್ತೆ ಹೇಳಿದಳು. ಕೇಳಿಸ್ತಿಲ್ಲ ಎಂದ. ಮೂರನೆಯ ಸಲವೂ ಹೇಳಿದಳು, ಮೂರನೆಯ ಸಲವೂ ಕೇಳಿಸಲಿಲ್ಲ. ಇಸ್ತ್ರಿ ಅಂಗಡಿಯಲ್ಲಿದ್ದ ಹನ್ನೆರಡು ಜನಕ್ಕೆ ಮೂರು ಸಲವೂ ಕೇಳಿಸಿತು. ಬೆಂಚಿನ ಮೇಲೆ ಯಾರೂ ನಗಲಿಲ್ಲ. ಇಸ್ತ್ರಿಯಮ್ಮ ಅಂಗಿಯ ಒಂದೇ ತೋಳನ್ನು ಬಹಳ ಹೊತ್ತು ಉಜ್ಜುತ್ತಿದ್ದಳು.

ಭಾನುವಾರ ಹತ್ತು ಗಂಟೆಗೆ ಸಮಿತಿ ಬಂತು. ಮೇಷ್ಟ್ರು, ಕೋಲೂರಿಕೊಂಡ ಜೇನಿನವನು, ಮತ್ತು ಮೀಟರಿನ ಪೆಟ್ಟಿಗೆ ಹಿಡಿದ ಒಬ್ಬ ಹೆಂಗಸು. ಅವಳ ಕಸುಬು ಟ್ರಾನ್ಸ್‌ಫಾರ್ಮರ್ ರಿಪೇರಿ. ಸಂಘದಲ್ಲಿ ಏನೇ ಕೆಟ್ಟರೂ ನೋಡುವವಳು ಅವಳೇ. ವ್ಯಾನಿನಿಂದ ಇಳಿದ ಮೇಷ್ಟ್ರಿಗೆ ಎದುರಾದದ್ದು ಅರವತ್ತು ಜನರ ಸಾಲು. ಮೊದಲಿಗನಾದ ಬಡಗಿ ಅರ್ಜಿ ಮುಂದಿಟ್ಟು, ತನ್ನ ಗೇಟು ಚಿಕ್ಕದಾದರೂ ತುಕ್ಕು ಆಳವಾಗಿದೆ, ದಯವಿಟ್ಟು ಗಮನಿಸಬೇಕು ಎಂದ. ಮೇಷ್ಟ್ರು ಅರ್ಜಿಯನ್ನು ಓದಿದರು. ಹಿಂದೆ ತಿರುಗಿಸಿ ನೋಡಿದರು. ಇಬ್ಬರು ಸಾಕ್ಷಿಗಳ ಸಹಿ ಇತ್ತು. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವರಿಗೂ ಇಂಥದ್ದು ಎದುರಾಗಿರಲಿಲ್ಲ. ಅವರು ಗುಮಾಸ್ತನನ್ನು ನೋಡಿದರು. ಗುಮಾಸ್ತ, ತಮ್ಮ ಇಲಾಖೆಯ ಆದೇಶದಂತೆ ಎಲ್ಲ ಸಿದ್ಧವಿದೆ ಎಂದ. ತಮಗೆ ಇಲಾಖೆ ಇಲ್ಲ ಎಂದರು ಮೇಷ್ಟ್ರು. ಇಲ್ಲದಿದ್ದರೆ ಇಲ್ಲವೆಂದು ಬರೆದುಕೊಡಬೇಕಾಗುತ್ತದೆ ಎಂದ ಗುಮಾಸ್ತ.

ಇಷ್ಟರಲ್ಲಿ ಮೀಟರಿನ ಹೆಂಗಸು ರಾಶಿಯನ್ನು ಒಂದು ಸುತ್ತು ಹಾಕಿ ಬಂದಿದ್ದಳು. ರಾಶಿಯ ಬಗ್ಗೆ ಏನೂ ಕೇಳಲಿಲ್ಲ. ಕತ್ತೆತ್ತಿ ಟ್ಯಾಂಕಿನ ನೆತ್ತಿಯನ್ನು ನೋಡುತ್ತ ನಿಂತಳು. ಅಲ್ಲಿ ಒಂದೇ ಕಂಬಕ್ಕೆ ರಿಪೀಟರಿನ ಆಂಟೆನಾ, ಅದಕ್ಕೆ ಒಂದು ಮೊಳದ ಅಂತರದಲ್ಲಿ ಲಿಂಕಿನ ಆಂಟೆನಾ, ಮದುವೆಯ ಫೋಟೋದಲ್ಲಿ ನಿಂತವರ ಹಾಗೆ ಒತ್ತೊತ್ತಾಗಿ ನಿಂತಿದ್ದವು.

"ಇದನ್ನ ಹೀಗೆ ಕಟ್ಟಿದ್ದು ಯಾರು?"

ನೀರುಗಂಟಿ ತಾನೇ ಎಂದ. ಎತ್ತರದಲ್ಲಿದ್ದಷ್ಟೂ ಒಳ್ಳೆಯದಲ್ಲವೇ ಎಂದೂ ಕೇಳಿದ. ಅವಳು ಕೋಣೆಯೊಳಗೆ ಹೋಗಿ ಲಿಂಕಿನ ಶಕ್ತಿ ಎಷ್ಟಕ್ಕೆ ಇಟ್ಟಿದ್ದಾನೆಂದು ನೋಡಿದಳು. ಐವತ್ತು ವಾಟ್. ಗುಡ್ಡದ ತುದಿ ಕಣ್ಣಿಗೆ ನೇರ ಕಾಣುವಾಗ ಐದು ಸಾಕಲ್ಲ ಎಂದಳು. ಅಕ್ಕನಿಗೆ ದನಿ ಗಟ್ಟಿಯಾಗಿ ಹೋಗಲಿ ಅಂತ, ಎಂದ ಅವನು. ಕೊನೆಗೆ ಅವಳು, ಸಂಘ ಕಳಿಸಿದ್ದ ಫಿಲ್ಟರ್ ಡಬ್ಬಗಳು ಎಲ್ಲಿ ಎಂದು ಕೇಳಿದಳು. ಉದ್ದನೆಯ, ಹಾಲಿನ ಕ್ಯಾನಿನಂಥ ನಾಲ್ಕು ಡಬ್ಬಗಳು. ಲಿಂಕಿನ ಕೂಗನ್ನು ಜರಡಿ ಹಿಡಿದ ಹಾಗೆ ತಡೆದು ರಿಪೀಟರಿನ ಕಿವಿಗೆ ತನಗೆ ಬೇಕಾದ ದನಿಯನ್ನಷ್ಟೇ ಬಿಡುವಂಥವು. ಅವಕ್ಕೆ ಸ್ವಿಚ್ಚೂ ಇಲ್ಲ, ತೆರೆಯಲೂ ಬರುವುದಿಲ್ಲವಾದ್ದರಿಂದ ಪ್ಯಾಕಿಂಗಿನ ಸಾಮಾನು ಎಂದುಕೊಂಡು ಅವನು ಅವನ್ನು ಮನೆಗೆ ಸಾಗಿಸಿದ್ದ.

ಎಲ್ಲರೂ ಅವನ ಮನೆಗೆ ನಡೆದರು. ಅಡುಗೆಮನೆಯಲ್ಲಿ ನಾಲ್ಕು ಡಬ್ಬಗಳ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಹೆಂಡತಿಯ ಹಿಟ್ಟಿನ ಡಬ್ಬಿಗಳು ಸಾಲಾಗಿ ಕೂತಿದ್ದವು. ಎಂಟು ತಿಂಗಳಲ್ಲಿ ಈ ಮನೆಗೆ ಇವರು ತಂದ ಒಂದೇ ಒಂದು ಉಪಯೋಗದ ವಸ್ತು ಇದು ಎಂದಳು ಅವಳು. ಬದಲಿ ವ್ಯವಸ್ಥೆ ಆಗದೆ ಕೊಡುವುದಿಲ್ಲ ಎಂದೂ ಸೇರಿಸಿದಳು. ಬದಲಿಗೆ ಬಡಗಿ ಅಲ್ಲೇ ನಾಲ್ಕು ಮರದ ಕಾಲು ಹೊಡೆದುಕೊಟ್ಟ. ಆ ವಾರ ನೀರುಗಂಟಿಯ ಮಾತಿನಂತೆ ಬದಲಿ ದೊರೆತದ್ದು ಅವನ ಮನೆಯಲ್ಲಿ ಮಾತ್ರ.

ಮಧ್ಯಾಹ್ನದವರೆಗೆ ಕೆಲಸ ನಡೆಯಿತು. ನೀರುಗಂಟಿಯೇ ಹತ್ತಿ ಲಿಂಕಿನ ಆಂಟೆನಾವನ್ನು ಬಿಚ್ಚಿದ. ಅದನ್ನು ಮೂವತ್ತು ಅಡಿ ಕೆಳಗೆ, ಟ್ಯಾಂಕಿನ ಹೊಟ್ಟೆಯ ಅಡಿಯಲ್ಲಿ, ಗುಡ್ಡಕ್ಕೆ ಮುಖ ಮಾಡಿದ ಕಂಬಕ್ಕೆ ಕಟ್ಟಿದರು. ಈಗ ಎರಡರ ನಡುವೆ ಒಂದು ಟ್ಯಾಂಕು ಸಿಮೆಂಟೂ ನೀರೂ ಅಡ್ಡ ನಿಂತವು. ಡಬ್ಬಗಳನ್ನು ಜೋಡಿಸಿದರು. ಐವತ್ತನ್ನು ಐದಕ್ಕೆ ಇಳಿಸಿದರು. ಗುಮಾಸ್ತ ಎಲ್ಲ ಅರ್ಜಿಗಳ ಮೇಲೆ 'ಕಾರ್ಯಕ್ರಮ ಮುಕ್ತಾಯ' ಎಂದು ಮುದ್ರೆ ಒತ್ತಿದ ಮೇಲೆ ಜನ ಗೊಣಗುತ್ತ ತಮ್ಮ ತಮ್ಮ ಸಂಖ್ಯೆ ಹುಡುಕಿಕೊಂಡು ಕಬ್ಬಿಣ ಹೊತ್ತರು. ಅರ್ಧ ಟ್ರಾಕ್ಟರಿಗೆ ಇಬ್ಬರು ವಾರಸುದಾರರು ಹುಟ್ಟಿಕೊಂಡಿದ್ದರಿಂದ ಅದೊಂದು ಸ್ವಲ್ಪ ತಡವಾಯಿತು.

ಉಳಿದದ್ದು ಪರೀಕ್ಷೆ. ಜೇನಿನವನನ್ನು ವ್ಯಾನಿನಲ್ಲಿ ಕಲ್ಲುಗಣಿಯ ಗುಂಡಿಗೆ ಕರೆದೊಯ್ದು ಬಿಟ್ಟರು. ಸುತ್ತಮುತ್ತ ಅದಕ್ಕಿಂತ ತಗ್ಗಿನ ಜಾಗ ಇರಲಿಲ್ಲ. ಅವನ ದನಿ ಲಿಂಕ್ ತೆರೆದಿರುವಾಗಲೂ ತುಂಡಾಗದೆ ಬರಬೇಕು, ಗುಡ್ಡದಾಚೆಗೂ ಮುಟ್ಟಬೇಕು. ಒಂದರಲ್ಲಿ ಎಡವಿದರೂ ಲಿಂಕನ್ನು ವ್ಯಾನಿಗೆ ಹಾಕಿಕೊಂಡು ಹೋಗುವುದೆಂದು ಮೇಷ್ಟ್ರು ಹೇಳಿಯೇ ಬಿಟ್ಟಿದ್ದರು. ನೀರುಗಂಟಿ ಕೋಣೆಯ ಹೊಸ್ತಿಲ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂತ.

ಪೆಟ್ಟಿಗೆಯಿಂದ ಜೇನಿನವನ ದನಿ ಬಂತು. ಸಣ್ಣದಾಗಿತ್ತು, ಆದರೆ ಇಡಿಯಾಗಿತ್ತು. "ಗುಂಡಿಯಲ್ಲಿದ್ದೇನೆ. ಕಾಲು ನೋಯ್ತಿದೆ. ಯಾರಿಗಾದ್ರೂ ಕೇಳಿಸ್ತಾ?"

ಆಚೆಯಿಂದ ತಡವಾಗಲಿಲ್ಲ. "ಕೇಳಿಸ್ತು. ಯಾವ ಕಾಲಪ್ಪ? ಬಾವು ಬಂದಿದೆಯೋ ಇಲ್ಲವೋ?" ಎಂದಳು ಅಕ್ಕ. ಇದು ಪರೀಕ್ಷೆ ಎಂದು ಅವಳಿಗೆ ಹೇಳಲು ಎಲ್ಲರೂ ಮರೆತಿದ್ದರು. ಹೆಬ್ಬೆರಳು ಅಲುಗಿಸಿ ನೋಡು ಎಂದಳು, ಪಾದ ಒಳಕ್ಕೆ ತಿರುಗಿಸಿದರೆ ನೋವೋ ಹೊರಕ್ಕೆ ತಿರುಗಿಸಿದರೆ ನೋವೋ ಎಂದು ಕೇಳಿದಳು, ಕಟ್ಟಿದ ಬಟ್ಟೆ ಬಹಳ ಬಿಗಿಯಾಗಿರಬೇಕು, ಬಿಚ್ಚಿ ಸಡಿಲವಾಗಿ ಕಟ್ಟು, ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಇಟ್ಟುಕೋ, ಕೋಲನ್ನು ನೋವಿಲ್ಲದ ಕಾಲಿನ ಕಡೆ ಹಿಡಿ ಎಂದಳು. ಇಷ್ಟು ದಿನ ಜೇನಿನವನು ಕೋಲನ್ನು ಆ ಕಡೆ ಹಿಡಿದಿರಲಿಲ್ಲ.

ಅವನು ಗುಂಡಿಯಿಂದ ಮೇಲೆ ಬಂದಾಗ ಕೋಲು ಕೈ ಬದಲಾಯಿಸಿತ್ತು. ಮೇಷ್ಟ್ರು ಅಭಿಪ್ರಾಯ ಕೇಳಿದರು. ದೂರು ಕೊಟ್ಟವನು ತಾನೇ ಆದ್ದರಿಂದ ಸ್ವಲ್ಪ ಬಿಗುಮಾನ ಮಾಡಿದ. ಆಮೇಲೆ, "ಲಿಂಕ್ ಇರ್ಲಿ ಸರ್. ಆ ತುದಿಯಲ್ಲಿ ಆಯಮ್ಮ ಇರೋವಾಗ ತೆಗೆಯೋದು ಬುದ್ಧಿವಂತಿಕೆಯಲ್ಲ" ಎಂದ. ನಾಲ್ಕು ಪುಟದ ದೂರನ್ನು ವಾಪಸು ಕೇಳಿದ. ಗುಮಾಸ್ತ ಅದಕ್ಕೂ ಒಂದು ಅರ್ಜಿ ಬೇಕೆಂದ.

ಸಮಿತಿ ಹೋಯಿತು. ಆರೂವರೆಗೆ ನೀರುಗಂಟಿ ಎಂದಿನಂತೆ ಮೈಕು ಹಿಡಿದು, ಎಂದಿನಂತೆ ಕತ್ತಿನ ನರ ಉಬ್ಬಿಸಿ, "ಅಕ್ಕಾ" ಎಂದು ಕೂಗಿದ.

"ಯಾಕೋ ಕೂಗ್ತೀಯ? ಪಕ್ಕದಲ್ಲೇ ಕೂತ ಹಾಗೆ ಕೇಳ್ತಿದೆ" ಎಂದಳು. ಕರಕರ ಇರಲಿಲ್ಲ. ಅವಳ ಹಿಂದೆ ಒಲೆಯ ಮೇಲೆ ನೀರು ಕುದಿಯುವುದೂ ಕೇಳುತ್ತಿತ್ತು. ಅವಳು ಎಂಟು ತಿಂಗಳಿಂದ ಕಿರುಚಿ ಕೇಳಲಾಗದ ಒಂದು ಮಾತು ಕೇಳಿದಳು. "ಆರಾಮಿದ್ದೀಯೇನೋ?"

ನೀರುಗಂಟಿ ಗುಂಡಿ ಒತ್ತಿದ. ಮೆಲ್ಲಗೆ ಮಾತಾಡುವುದು ಹೇಗೆಂದು ಅವನಿಗೆ ಮರೆತುಹೋಗಿತ್ತು. ಒತ್ತಿದ್ದು ಒತ್ತಿದ ಹಾಗೇ ಇತ್ತು. ರಿಪೀಟರ್ ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಮಾಡುತ್ತ ಅವನ ಮೌನವನ್ನು ಹತ್ತೂರಿಗೆ ಹೇಳಿತು. ಲಿಂಕ್ ಅದನ್ನು ಗುಡ್ಡ ದಾಟಿಸಿತು. ಆಚೆ ಅಕ್ಕ ಕಾದಳು. ಯಾರೇ ಆಗಲಿ ಗುಂಡಿ ಬಿಡದಿದ್ದರೆ ಮೂರು ನಿಮಿಷಕ್ಕೆ ತಾನಾಗಿ ಬಾಯಿ ಮುಚ್ಚಿಕೊಳ್ಳುವ ಪೆಟ್ಟಿಗೆ ಹಾಗೇ ಮುಚ್ಚಿಕೊಂಡಿತು.

ಬಟ್ಟೆ ತೆಗೆದುಕೊಂಡು ಹೋಗಲು ತಡವಾಗಿ ಬಂದ ಬಡಗಿ, ಇವತ್ತಿನ ಜಗಳ ಹೇಗಿತ್ತು ಎಂದು ಇಸ್ತ್ರಿಯಮ್ಮನನ್ನು ಕೇಳಿದ.

"ತಮ್ಮ ಒಂದು ಮಾತೂ ಆಡ್ಲಿಲ್ಲ ಕಣಪ್ಪ" ಎಂದಳು ಅವಳು, ಅಂಗಿ ಮಡಿಸುತ್ತ. "ಆದ್ರೆ ಎಲ್ಲಾ ಚೆನ್ನಾಗಿ ಕೇಳಿಸ್ತು."